ಆರ್ಡುಯಿನೊ ಊನೊ: ಎಲ್‌ಸಿಡಿಯಲ್ಲಿ ತಾಪಮಾನದ ಬದಲು "?" ಬರುತ್ತಿದೆ, ಅಕ್ಷರಗಳೂ ಮಾಯ

ತಾರಸಿತೋಟ:
ಎಲ್ಲರಿಗೂ ನಮಸ್ಕಾರ. ಗಿಡಕ್ಕೆ ನೀರು ಬಿಡುವ ಯಂತ್ರ ಮಾಡುತ್ತಿದ್ದೇನೆ: ಊನೊ ಆರ್3 (ಪುಟ್ಟ ಕಂಪ್ಯೂಟರ್ ಬೋರ್ಡು), 16×2 ಎಲ್‌ಸಿಡಿ (ಸಾಲಿಗೆ 16 ಅಕ್ಷರದ, ಎರಡು ಸಾಲಿನ ಪರದೆ), ಡಿಎಸ್18ಬಿ20 ತಾಪಮಾನ ಸೆನ್ಸರ್, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಮೂಲಕ ನಾಲ್ಕು ಪುಟ್ಟ ಮೋಟರ್. ರಿಲೇ, ಸೆನ್ಸರ್ ಎರಡೂ ಸರಿಯಾಗಿವೆ. ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ ತೋರಿಸುವಾಗ ಮಾತ್ರ ತಲೆ ಕೆಡುತ್ತಿದೆ.

ಜಾವಾಸ್ಕ್ರಿಪ್ಟ್ ಅಭ್ಯಾಸದಲ್ಲಿ "ಮೋಟರ್ ನಂಬರ್ " + ಸಂಖ್ಯೆ ಎಂದು ಬರೆದೆ (ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇದೆ). 4ನೇ ಮೋಟರ್‌ಗೆ ಮೊದಲ ನಾಲ್ಕು ಅಕ್ಷರ ಹೋಗಿ 'ಆರ್' ಅಕ್ಷರದಿಂದ ಶುರುವಾಗುತ್ತದೆ. 4 ಎಲ್ಲೂ ಕಾಣಿಸುವುದಿಲ್ಲ. ತಾಪಮಾನ ಫ್ಲೋಟ್ (ದಶಾಂಶ ಸಂಖ್ಯೆ) ಆಗಿರುವುದರಿಂದ ಹೀಗೆ ಕೂಡಿಸಿದರೆ ಕಂಪೈಲೇ ಆಗುವುದಿಲ್ಲ. ಎಸ್‌ಪ್ರಿಂಟ್‌ಎಫ್ (ಸಂಖ್ಯೆಯನ್ನು ಅಕ್ಷರವಾಗಿಸುವ ಫಂಕ್ಷನ್) ಬಳಸಿ ಫ್ಲೋಟ್‌ನ ಗುರುತು %ಎಫ್ ಹಾಕಿದರೆ ಬರೀ "?" ಬರುತ್ತದೆ. ಮಿಲಿಸ್ (ಬೋರ್ಡು ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡು) ಬೆಲೆಯನ್ನು ಇಂಟ್‌ನ (ಪೂರ್ಣಾಂಕದ) ಗುರುತು %ಡಿ ಹಾಕಿ ತೋರಿಸಿದರೆ ಅರ್ಧ ನಿಮಿಷ ಆದಮೇಲೆ ಮೈನಸ್ ಸಂಖ್ಯೆ! ಬೋರ್ಡೇ ಹಾಳಾಗಿದೆಯಾ?

ಬೆಸುಗೆಕಡ್ಡಿ:
ಬೋರ್ಡು ಚೆನ್ನಾಗೇ ಇದೆ ಸರ್. ಎಡಗಡೆ ಸ್ಟ್ರಿಂಗ್ ಎಂದು ಬರೆದು ಬ್ರಾಕೆಟ್‌ನಲ್ಲಿ ಪದ ಹಾಕಿ, ಆಮೇಲೆ ಕೂಡಿಸಿ. ಹೀಗೆ:

ಸ್ಟ್ರಿಂಗ್("ಮೋಟರ್ ನಂಬರ್ ") + ಸಂಖ್ಯೆ

ಫ್ಲೋಟ್‌ಗೂ ನಡೆಯುತ್ತದೆ. ಮುಗೀತು.

ಹಳೆಹಕ್ಕಿ:
ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ.

ಮೊದಲನೆಯದು: ಸಿ++ನಲ್ಲಿ ಕೋಟ್ಸ್ ಒಳಗೆ ಬರೆದ ಪದ ಅಂದರೆ ಮೆಮೊರಿಯಲ್ಲಿ ಸಾಲಾಗಿ ಕೂತ ಅಕ್ಷರಗಳು. ಅದಕ್ಕೆ 4 ಕೂಡಿಸಿದರೆ ಕಂಪೈಲರ್ ವಿಳಾಸವನ್ನು ನಾಲ್ಕು ಅಕ್ಷರ ಮುಂದಕ್ಕೆ ಸರಿಸುತ್ತದೆ, ಅಷ್ಟೇ. ಸಂಖ್ಯೆ 4 ಆಗಿದ್ದರಿಂದ ಬಚಾವಾದಿರಿ. 27 ಆಗಿದ್ದರೆ ಪದವನ್ನೇ ದಾಟಿ ಹೋಗಿ ಅಲ್ಲಿರುವ ಕಸವನ್ನೆಲ್ಲ ತೋರಿಸುತ್ತಿತ್ತು. ವಿಳಾಸಕ್ಕೆ 27.5 ಕೂಡಿಸುವುದಕ್ಕೆ ಅರ್ಥವೇ ಇಲ್ಲ, ಅದಕ್ಕೇ ಫ್ಲೋಟ್‌ಗೆ ಎರರ್ ಬಂತು. ಅದು ಒಳ್ಳೆಯದೇ. ಎರರ್ ಕೊಡದೆ ಸುಮ್ನೆ ಓಡುವ ಕೋಡೇ ಜಾಸ್ತಿ ಕಾಟ ಕೊಡುವುದು.

"?" ಬರುವ ಕಾರಣ ಬೇರೆ. ಊನೊದಲ್ಲಿ ಫ್ಲ್ಯಾಶ್ (ಕೋಡ್ ಇಡುವ ಮೆಮೊರಿ) 32 ಕೆಬಿ ಮಾತ್ರ. ಜಾಗ ಉಳಿಸಲು ಎವಿಆರ್ (ಊನೊದ ಚಿಪ್) ಲೈಬ್ರರಿಯ ಎಸ್‌ಪ್ರಿಂಟ್‌ಎಫ್‌ನಲ್ಲಿ ಫ್ಲೋಟ್ ಭಾಗವನ್ನು ಮಾಮೂಲಿಯಾಗಿ ಸೇರಿಸುವುದಿಲ್ಲ. ಇದೇ ಕೋಡ್ ಇಎಸ್‌ಪಿ32ರಲ್ಲಿ (ಇನ್ನೊಂದು ಬಗೆಯ ಬೋರ್ಡು) ಸರಿಯಾಗಿ ಓಡುತ್ತದೆ. ಅಲ್ಲಿ ಬರೆದದ್ದನ್ನು ಇಲ್ಲಿಗೆ ತಂದು ಒದ್ದಾಡುವವರು ಬೇಕಾದಷ್ಟು ಜನ.

ಇನ್ನು ಮೈನಸ್. ಊನೊದಲ್ಲಿ ಇಂಟ್ 16 ಬಿಟ್, ಹೆಚ್ಚೆಂದರೆ 32767. ಮಿಲಿಸ್ ಕೊಡುವುದು 32 ಬಿಟ್‌ನ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ ದೊಡ್ಡ ಪೂರ್ಣಾಂಕ). %ಡಿ ಅದರಲ್ಲಿ ಅರ್ಧ ಮಾತ್ರ ಓದುತ್ತದೆ, ಹಾಗಾಗಿ ಸುಮಾರು 32.8 ಸೆಕೆಂಡಿಗೆ ಮೈನಸ್. ಅದೇ ಸಾಲಿನಲ್ಲಿ ಮುಂದೆ ಇನ್ನೊಂದು ಸಂಖ್ಯೆ ಇದ್ದರೆ ಅದೂ ಕೆಡುತ್ತದೆ, ಯಾಕೆಂದರೆ ಉಳಿದ ಅರ್ಧ ಅದರ ಪಾಲಿಗೆ ಬರುತ್ತದೆ. ಅದಕ್ಕೆ ತಕ್ಕ ಗುರುತು %ಎಲ್‌ಯು ಹಾಕಿ. ಐಡಿಇಯ (ಕೋಡ್ ಬರೆಯುವ ಸಾಫ್ಟ್‌ವೇರ್) ಪ್ರಿಫರೆನ್ಸಸ್‌ನಲ್ಲಿ ಕಂಪೈಲರ್ ವಾರ್ನಿಂಗ್ಸ್ ಅನ್ನು 'ಆಲ್' ಮಾಡಿಟ್ಟರೆ ಇಂಥದ್ದನ್ನು ಅದೇ ಹೇಳುತ್ತದೆ.

ಬೆಸುಗೆಕಡ್ಡಿಯವರ ಉಪಾಯ ತಪ್ಪಲ್ಲ. ಆದರೆ ಊನೊದಲ್ಲಿ ಇರುವುದೇ 2 ಕೆಬಿ ರ‍್ಯಾಮ್. ಲೂಪಿನಲ್ಲಿ ಪದೇ ಪದೇ ಸ್ಟ್ರಿಂಗ್ ಕೂಡಿಸುತ್ತಾ ಹೋದರೆ ಮೆಮೊರಿ ಚೂರುಚೂರಾಗಿ, ದಿನಗಟ್ಟಲೆ ಓಡಿದ ಮೇಲೆ ಬೋರ್ಡು ಸ್ತಬ್ಧವಾಗಬಹುದು. ಗಿಡಕ್ಕೆ ನೀರು ಬಿಡುವ ಯಂತ್ರ ಹಾಗೆ ನಿಂತರೆ ಕಷ್ಟ ಅಲ್ವಾ?

ನನ್ನ ಪ್ರಶ್ನೆ ಒಂದೇ: ಸ್ಟ್ರಿಂಗ್ ಯಾಕೆ ಬೇಕು? ಎಲ್‌ಸಿಡಿಗೆ ಬೇಕಿಲ್ಲ. ಎರಡು ಸಾಲು ಬರೆಯಿರಿ:

ಎಲ್‌ಸಿಡಿ.ಪ್ರಿಂಟ್("ತಾಪ: ");
ಎಲ್‌ಸಿಡಿ.ಪ್ರಿಂಟ್(ತಾಪಮಾನ, 1);

ಪ್ರಿಂಟ್‌ಗೆ ಯಾವ ಟೈಪ್ ಕೊಟ್ಟಿದ್ದೀರಿ ಎಂದು ಕಂಪೈಲರ್‌ಗೆ ಗೊತ್ತು. ತಕ್ಕದ್ದನ್ನು ಅದೇ ಆರಿಸಿಕೊಳ್ಳುತ್ತದೆ. ಕೊನೆಯ 1 ಅಂದರೆ ಪಾಯಿಂಟ್ ಆದಮೇಲೆ ಒಂದು ಅಂಕಿ. ಬಿಟ್ಟರೆ ಎರಡು ಅಂಕಿ ಬರುತ್ತವೆ: ಸೆನ್ಸರ್ 27.0625 ಕೊಟ್ಟರೂ ಕಾಣುವುದು 27.06.

ತಾರಸಿತೋಟ:
ಪ್ರಿಂಟ್ ಕೆಲಸ ಮಾಡಿತು, ತುಂಬಾ ಥ್ಯಾಂಕ್ಸ್ ಸರ್. ಈಗ ಹೊಸ ತರಲೆ. ತಾಪ 10.2ರಿಂದ 9.8ಕ್ಕೆ ಇಳಿದರೆ 9.82 ಎಂದು ತೋರಿಸುತ್ತದೆ. (ಫ್ರಿಜ್‌ನಲ್ಲಿಟ್ಟು ನೋಡಿದೆ!) ಮುಂದೆ ಎಂಕ್ಯೂಟಿಟಿಗೆ (ನೆಟ್‌ವರ್ಕ್‌ನಲ್ಲಿ ಸಂದೇಶ ಸಾಗಿಸುವ ವ್ಯವಸ್ಥೆ) ಕಳಿಸುವ ಆಸೆಯೂ ಇದೆ. ಅಲ್ಲಿ ಸ್ಟ್ರಿಂಗೇ ಬೇಕಂತೆ.

ಹಳೆಹಕ್ಕಿ:
ಕೊನೆಯ 2 ಹಳೆಯ ಅಂಕಿ, ಪರದೆಯಲ್ಲೇ ಉಳಿದದ್ದು. ಎಲ್‌ಸಿಡಿ ತಾನಾಗಿ ಅಳಿಸುವುದಿಲ್ಲ. ಎರಡಕ್ಕೂ ಔಷಧಿ ಒಂದೇ: ಫ್ಲೋಟನ್ನು ಅಕ್ಷರಗಳ ಸಾಲಾಗಿಸುವ ಡಿಟಿಒಎಸ್‌ಟಿಆರ್‌ಎಫ್ ಫಂಕ್ಷನ್. ಫ್ಲೋಟ್, ಕನಿಷ್ಠ ಅಗಲ, ಪಾಯಿಂಟ್ ಆದಮೇಲಿನ ಅಂಕಿಗಳು, ಬಫರ್ (ಅಕ್ಷರಗಳನ್ನು ಇಡಲು ಕಾದಿಟ್ಟ ಜಾಗ), ಈ ಕ್ರಮದಲ್ಲಿ ಕೊಡಿ. ಅಗಲ 6 ಎಂದರೆ ಚಿಕ್ಕ ಸಂಖ್ಯೆಯ ಎಡಕ್ಕೆ ತಾನೇ ಖಾಲಿ ಜಾಗ ತುಂಬುತ್ತದೆ, ಹಳೆಯದು ಮುಚ್ಚಿಹೋಗುತ್ತದೆ. ಆ ಬಫರನ್ನೇ ಎಂಕ್ಯೂಟಿಟಿಗೂ ಕೊಡಬಹುದು. ಎಡಗಡೆಯ ಖಾಲಿ ಜಾಗ ಅಲ್ಲಿ ಬೇಡವಾದರೆ ಅಗಲ 1 ಹಾಕಿ.

ಬಫರ್ ಅಳತೆಯಲ್ಲಿ ಜಿಪುಣತನ ಬೇಡ. ನಮ್ಮೂರ ಸೆಕೆಗೆ "27.5", ಐದು ಬೈಟ್ ಸಾಕು ಅಂದುಕೊಳ್ಳುತ್ತೇವೆ. ಆದರೆ ವೈರ್ ಕಳಚಿದರೆ ಈ ಸೆನ್ಸರ್ ಓದುವ ಡಲ್ಲಾಸ್ ಲೈಬ್ರರಿ -127 ಕೊಡುತ್ತದೆ. "-127.0" ಆರು ಅಕ್ಷರ, ಪದ ಮುಗಿಯಿತೆಂದು ಸೂಚಿಸುವ, ಕಣ್ಣಿಗೆ ಕಾಣದ ಸೊನ್ನೆಗೆ ಒಂದು, ಒಟ್ಟು ಏಳು ಬೈಟ್. ಬಫರ್ ಚಿಕ್ಕದಿದ್ದರೆ ಪಕ್ಕದ ವೇರಿಯಬಲ್ ಮೇಲೆ ಬರೆದುಬಿಡುತ್ತದೆ. 10 ಇಡಿ. ಪೂರ್ಣಾಂಕಗಳಿಗೆ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ, ಅದು ಬಫರ್ ಅಳತೆ ಕೇಳಿಕೊಂಡೇ ಬರೆಯುತ್ತದೆ.

ಬೆಸುಗೆಕಡ್ಡಿ:
ಒಪ್ಪಿದೆ. ಆದರೆ ಇಎಸ್‌ಪಿ32ರಲ್ಲಿ ರ‍್ಯಾಮ್ ಧಾರಾಳ ಇದೆ, ಅಲ್ಲಿ ನಾನು ಸ್ಟ್ರಿಂಗೇ ಬಳಸುವುದು. ಓದಲು ಸುಲಭ.

ತಾರಸಿತೋಟ:
ಅಗಲ 6, ಬಫರ್ 10 ಇಟ್ಟೆ. ಪರದೆ ಈಗ ಸ್ವಚ್ಛ. ಆಗಾಗ 85.0 ಎಂದು ತೋರಿಸುತ್ತದೆ. ಇದೂ ಸ್ಟ್ರಿಂಗ್ ತೊಂದರೆನಾ?

ಹಳೆಹಕ್ಕಿ:
ಅಲ್ಲ. ಡಿಎಸ್18ಬಿ20ಗೆ ಕರೆಂಟು ಬಂದ ಕೂಡಲೇ ಅದರೊಳಗೆ ಇರುವ ಬೆಲೆಯೇ 85. ಮೋಟರ್ ಆನ್ ಆಗುವ ಗಳಿಗೆಯಲ್ಲೇ ಬರುತ್ತದಾ ನೋಡಿ. ಹೌದಾದರೆ ಮೋಟರ್ ಎಳೆದಾಗ ವೋಲ್ಟೇಜ್ ಕುಸಿದು ಸೆನ್ಸರ್ ರೀಸೆಟ್ ಆಗುತ್ತಿರಬಹುದು. ಮೋಟರ್‌ಗೆ ಬೇರೆ ಅಡಾಪ್ಟರ್ ಕೊಡಿ, ಗ್ರೌಂಡ್ ಮಾತ್ರ ಕಂಟ್ರೋಲ್ ಸರ್ಕ್ಯೂಟಿಗೆ ಬೇಕಿದ್ದರೆ ಸೇರಿಸಿ. ರಿಲೇ ಮಾಡ್ಯೂಲ್ ಯಾವುದು ಅಂತ ಫೋಟೋ ಹಾಕಿ, ಹೇಳುತ್ತೇನೆ.