ಯುಪಿಐ ಹಣ ನಡುವೆ ಸಿಲುಕಿದ್ದರಿಂದ ಕಂತು ಬೌನ್ಸ್ ಆಯಿತು, ಈಗ ಸಿಬಿಲ್ ಕೆಟ್ಟಿದೆ: ಸರಿಪಡಿಸುವ ದಾರಿ ಯಾವುದು?

ಸೇಡಂ ರಸ್ತೆಯ ಮೋಟಾರ್ ಅಂಗಡಿ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ಶರಣು. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಗಿರಾಕಿಗಳು ಸ್ಕ್ಯಾನ್ ಮಾಡಿ ಕೊಡುವ ಹಣ ಒಂದು ಬ್ಯಾಂಕಿನ ಖಾತೆಗೆ ಬರುತ್ತದೆ. ಬೈಕ್ ಸಾಲದ 2,850 ರೂಪಾಯಿಯ ಕಂತು ಪ್ರತಿ ತಿಂಗಳ 5ರಂದು ಬೇರೆ ಬ್ಯಾಂಕಿನಲ್ಲಿರುವ ನನ್ನ ಉಳಿತಾಯ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಆದ್ದರಿಂದ ಪ್ರತಿ ತಿಂಗಳೂ ಒಂದೆರಡು ದಿನ ಮುಂಚಿತವಾಗಿಯೇ ಮೊದಲ ಖಾತೆಯಿಂದ ಎರಡನೆಯದಕ್ಕೆ ಯುಪಿಐ ಮೂಲಕ ಹಣ ಹಾಕಿಡುವುದು ನನ್ನ ರೂಢಿ.

ನವೆಂಬರ್ 3ರ ಸಂಜೆ ಹೀಗೆ 3,000 ರೂಪಾಯಿ ಕಳುಹಿಸಿದಾಗ ಒಂದು ಖಾತೆಯಿಂದ ಹಣ ಕಡಿತವಾಯಿತು, ಆದರೆ ಇನ್ನೊಂದಕ್ಕೆ ಜಮಾ ಆಗಲಿಲ್ಲ. ಆ್ಯಪಿನಲ್ಲಿ ಗಡಿಯಾರದ ಗುರುತಿನ ಜೊತೆ ಪೆಂಡಿಂಗ್ ಎಂದೇ ತೋರಿಸುತ್ತಿತ್ತು. ಆ ಹಣ ಮೊದಲ ಖಾತೆಗೆ ಮರಳಿದ್ದು 12ರಂದು. ಅಷ್ಟರೊಳಗೆ ಕಂತಿನ ಕಡಿತ 5ರಂದು ಒಮ್ಮೆ, 9ರಂದು ಮತ್ತೊಮ್ಮೆ ಬಂದು ಎರಡು ಸಲವೂ ಬೌನ್ಸ್ ಆಯಿತು. ಬ್ಯಾಂಕಿನವರು ಪ್ರತಿ ಸಲಕ್ಕೆ ಜಿಎಸ್‌ಟಿ ಸೇರಿಸಿ 295 ರೂಪಾಯಿ ಹಾಕಿದರು, ಸಾಲ ಕೊಟ್ಟ ಫೈನಾನ್ಸ್ ಕಂಪನಿಯವರು ಪ್ರತಿ ಸಲಕ್ಕೆ 590 ರೂಪಾಯಿ ಹಾಕಿದರು. ಡಿಸೆಂಬರಿನಲ್ಲಿ ಖಾತೆಯಲ್ಲಿ ಕನಿಷ್ಠ ಮೊತ್ತ ಇರಲಿಲ್ಲವೆಂದು ಬ್ಯಾಂಕು ಮತ್ತೊಂದು ಶುಲ್ಕ ಹೇರಿತು. ಹಣ ಮರಳಿದ ಕೂಡಲೇ, ನವೆಂಬರ್ 14ರಂದು, ಫೈನಾನ್ಸ್ ಕಚೇರಿಗೆ ಹೋಗಿ 2,850 ರೂಪಾಯಿ ನಗದಾಗಿ ಕಟ್ಟಿ ರಸೀದಿ ಪಡೆದಿದ್ದೇನೆ. ಆ ನಂತರದ ಕಂತುಗಳು ಯಾವ ತೊಂದರೆಯೂ ಇಲ್ಲದೆ ಹೋಗಿವೆ.

ಈಗ ಅಂಗಡಿಗೆ ಹೊಸ ಯಂತ್ರ ಹಾಕಲು ಮುದ್ರಾ ಸಾಲಕ್ಕೆ ಅರ್ಜಿ ಕೊಟ್ಟರೆ, ಮೂರು ತಿಂಗಳಿಂದ ಕಂತು ತಡವಾಗಿದೆ, ಸಿಬಿಲ್ ಇಳಿದಿದೆ ಎಂದು ಹೇಳಿ ಮ್ಯಾನೇಜರ್ ಅರ್ಜಿಯನ್ನು ಹಿಂದಿರುಗಿಸಿದ್ದಾರೆ. ಒಂದು ಕಂತಷ್ಟೇ ತಡವಾಗಿ, ಅದೂ ಕೈಯಾರೆ ಕಟ್ಟಿರುವಾಗ ಮೂರು ತಿಂಗಳು ಎಲ್ಲಿಂದ ಬಂತು? ಹೇರಿರುವ ಶುಲ್ಕಗಳನ್ನು ಯಾರಿಂದ ಕೇಳಬೇಕು? ಸೂಪರ್ ಮಾರ್ಕೆಟ್ ಕಡೆ ಒಬ್ಬರು 4,000 ರೂಪಾಯಿ ಕೊಟ್ಟರೆ ಸಿಬಿಲ್ ಸ್ವಚ್ಛ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಅವರ ಮಾತನ್ನು ನಂಬಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ, ಬೀದರ್

ಶರಣು. ಎಲ್ಲಕ್ಕಿಂತ ಮೊದಲು, ಆ 4,000 ರೂಪಾಯಿ ಕೊಡಬೇಡಿ. ಸಾಲ ಕೊಟ್ಟ ಸಂಸ್ಥೆ ಒಪ್ಪಿ ತಿದ್ದುಪಡಿ ಕಳುಹಿಸದೆ ಸಿಬಿಲ್ ವರದಿಯ, ಅಂದರೆ ನಾವು ಸಾಲ ತೀರಿಸಿದ ದಾಖಲೆಯ, ಒಂದು ಅಂಕಿಯನ್ನೂ ಹೊರಗಿನವರು ಯಾರೂ ಬದಲಿಸಲಾರರು. ಆ ತಿದ್ದುಪಡಿಯನ್ನು ನೀವೇ ಕೇಳಬಹುದು, ಅದಕ್ಕೆ ಯಾವ ಶುಲ್ಕವೂ ಇಲ್ಲ.

ಇನ್ನು ಸಿಲುಕಿದ ಹಣದ ವಿಷಯ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ವಿಫಲ ವಹಿವಾಟುಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅದು ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಯುಪಿಐ ಮೂಲಕ ಕಳುಹಿಸಿದ ಹಣ ಪಡೆಯುವವರ ಖಾತೆಗೆ ಜಮಾ ಆಗದಿದ್ದರೆ, ವಹಿವಾಟಿನ ಮರುದಿನದೊಳಗೆ ಅದನ್ನು ಹಿಂದಿರುಗಿಸಬೇಕಾದದ್ದು ಹಣ ಪಡೆಯಬೇಕಾಗಿದ್ದ ಬ್ಯಾಂಕಿನ ಹೊಣೆ, ಮತ್ತು ಆ ಗಡುವು ಮೀರಿದ ಪ್ರತಿ ದಿನಕ್ಕೂ ಗ್ರಾಹಕರಿಗೆ 100 ರೂಪಾಯಿ ಪರಿಹಾರ ಸಲ್ಲಬೇಕು. ಈ ಪರಿಹಾರವನ್ನು ಗ್ರಾಹಕರು ದೂರು ಕೊಡುವವರೆಗೆ ಕಾಯದೆ ತಾವಾಗಿಯೇ ಜಮಾ ಮಾಡಬೇಕೆಂದೂ ಅದೇ ಸುತ್ತೋಲೆ ಹೇಳುತ್ತದೆ. ನಿಮ್ಮ ಹಣ ನವೆಂಬರ್ 4ರೊಳಗೆ ಮರಳಬೇಕಿತ್ತು, ಮರಳಿದ್ದು 12ರಂದು. ಎಂಟು ದಿನಕ್ಕೆ 800 ರೂಪಾಯಿ ನಿಮಗೆ ಬರಬೇಕು.

ಇಲ್ಲಿ ನೀವು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಹಣ ಪಡೆಯಬೇಕಾಗಿದ್ದ ಬ್ಯಾಂಕು ಎಂದರೆ ನಿಮ್ಮ ಕಂತು ಕಡಿತವಾಗುವ ಬ್ಯಾಂಕೇ. ಹಣ ಜಮಾ ಮಾಡದೆ, ಗಡುವಿನೊಳಗೆ ಹಿಂದಿರುಗಿಸದೆ ಇದ್ದ ಬ್ಯಾಂಕೇ ಖಾತೆಯಲ್ಲಿ ಹಣವಿಲ್ಲವೆಂದು ಎರಡು ಸಲ 295 ರೂಪಾಯಿ ಹಾಕಿದೆ. ದೂರಿನಲ್ಲಿ ಈ ಒಂದು ಮಾತನ್ನು ತಾರೀಖು ಸಮೇತ, ಬೇರೇನನ್ನೂ ಬೆರೆಸದೆ ಬರೆಯಿರಿ. ಯುಪಿಐ ವಹಿವಾಟಿನ 12 ಅಂಕಿಗಳ ಸಂಖ್ಯೆ, ಹಣ ಕಳುಹಿಸಿದ ಖಾತೆಯಲ್ಲಿ ಕಡಿತವೂ ಮರುಜಮೆಯೂ ಕಾಣುವ ಪುಟ, ಕಂತಿನ ಖಾತೆಯಲ್ಲಿ ಶುಲ್ಕ ಕಾಣುವ ಪುಟ, ಈ ಮೂರಿದ್ದರೆ ಸಾಕು. ಶಾಖೆಯಲ್ಲಿ ಬಾಯಿಮಾತಿಗೆ ಬಿಡದೆ ದೂರಿನ ಸಂಖ್ಯೆ ಪಡೆಯಿರಿ. ನಾನು ಕೌಂಟರಿನ ಆಚೆ ಕುಳಿತು ಕಂಡದ್ದನ್ನೇ ಹೇಳುತ್ತಿದ್ದೇನೆ, ಸಂಖ್ಯೆ ಇಲ್ಲದ ದೂರು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕನಿಷ್ಠ ಮೊತ್ತದ ಶುಲ್ಕ ಪ್ರತ್ಯೇಕ ವಿಷಯ. ಅದು ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ಮೊದಲೇ ತಿಳಿಸಿ ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಟ್ಟಿರಬೇಕು, ಆ ಶುಲ್ಕವೊಂದರಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ನೋಟಿಸ್ ಬಂದಿತ್ತೇ ಎಂದು ನೋಡಿಕೊಳ್ಳಿ.

ಸೇವಾ ಕೇಂದ್ರ, ಶಹಾಪುರ

ಅಣ್ಣಾವರೇ, ನಮ್ಮ ಕೇಂದ್ರಕ್ಕೆ ಸಿಬಿಲ್ ತೊಂದರೆ ಹೇಳಿಕೊಂಡು ಬರುವ ಬಹುತೇಕರು ತಮ್ಮ ವರದಿಯನ್ನು ಸ್ವತಃ ನೋಡಿರುವುದೇ ಇಲ್ಲ. ಮ್ಯಾನೇಜರ್ ಹೇಳಿದ ಅಂಕವೊಂದೇ ಅವರಿಗೆ ಗೊತ್ತಿರುತ್ತದೆ. ನೀವು ಮೊದಲು ಪೂರ್ತಿ ವರದಿ ತೆಗೆಯಿರಿ. ನಮ್ಮ ದೇಶದಲ್ಲಿ ಈ ವರದಿ ಕೊಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಸಾಲಕ್ಕೆಂದು ಹತ್ತಾರು ಕಡೆ ಅರ್ಜಿ ಹಾಕಿದರೆ ಇಳಿಯಬಹುದು, ಆದ್ದರಿಂದ ಸದ್ಯಕ್ಕೆ ಬೇರೆ ಬ್ಯಾಂಕುಗಳಲ್ಲಿ ಅರ್ಜಿ ಕೊಡಬೇಡಿ.

ವರದಿಯಲ್ಲಿ ಬೈಕ್ ಸಾಲದ ಕೆಳಗೆ ತಿಂಗಳುವಾರು ಪುಟ್ಟ ಚೌಕಗಳಿರುತ್ತವೆ. ಅವುಗಳಲ್ಲಿರುವ ಅಂಕಿಗೆ ಡಿಪಿಡಿ ಎನ್ನುತ್ತಾರೆ, ಬಾಕಿ ಎಷ್ಟು ದಿನ ಹಳೆಯದು ಎಂಬುದೇ ಅದರ ಅರ್ಥ. 000 ಇದ್ದರೆ ಬಾಕಿ ಇಲ್ಲ. ನಿಮ್ಮ ನವೆಂಬರ್, ಡಿಸೆಂಬರ್, ಜನವರಿ ಚೌಕಗಳಲ್ಲಿ ಏನಿದೆ ಎಂದು ಇಲ್ಲಿ ಬರೆಯಿರಿ. ಆ ಅಂಕಿಗಳನ್ನು ನೋಡದೆ ಯಾರು ಏನು ಹೇಳಿದರೂ ಅದು ಊಹೆಯೇ.

ಹಾಗೆಯೇ ಆ ವರದಿಯಲ್ಲಿ ನಿಮ್ಮದಲ್ಲದ ಸಾಲವೇನಾದರೂ ಇದೆಯೇ ಎಂಬುದನ್ನೂ ನೋಡಿ. ನಮ್ಮ ಭಾಗದಲ್ಲಿ ಇದು ಅಪರೂಪವೇನಲ್ಲ. ಒಂದೇ ಊರಿನಲ್ಲಿ ಶರಣಪ್ಪ ಎಂಬ ಹೆಸರಿನವರು ನಾಲ್ಕಾರು ಜನ, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲರಿಗೂ ಜೂನ್ 1 ಎಂದು ಬರೆದುಕೊಂಡಿದ್ದರಿಂದ ಹುಟ್ಟಿದ ತಾರೀಖೂ ಒಂದೇ. ಪ್ಯಾನ್ ಸಂಖ್ಯೆ ಇಲ್ಲದೆ ಕೊಟ್ಟ ಹಳೆಯ ಸಣ್ಣ ಸಾಲಗಳನ್ನು ಹೆಸರು, ಜನ್ಮದಿನಾಂಕ ಮತ್ತು ಊರಿನ ಮೇಲೆ ಹೊಂದಿಸುವಾಗ ಒಬ್ಬರ ಬಾಕಿ ಇನ್ನೊಬ್ಬರ ವರದಿಯಲ್ಲಿ ಬಂದು ಕೂರುತ್ತದೆ. ಕಳೆದ ವರ್ಷ ನಮ್ಮಲ್ಲಿಗೆ ಬಂದಿದ್ದ ಒಬ್ಬ ಹಿರಿಯರಿಗೆ ತಾವು ಎಂದೂ ಕೊಳ್ಳದ ಟ್ರ್ಯಾಕ್ಟರಿನ ಸಾಲ ಅಂಟಿಕೊಂಡಿತ್ತು. ಬೆಳೆ ಸಾಲ ನವೀಕರಣಕ್ಕೆ ಹೋದಾಗಲೇ ಅದು ಅವರ ಗಮನಕ್ಕೆ ಬಂದದ್ದು.

ತಪ್ಪು ಕಂಡರೆ ವರದಿ ಕೊಟ್ಟ ಸಂಸ್ಥೆಯ ಪೋರ್ಟಲಿನಲ್ಲೂ ಸಾಲ ಕೊಟ್ಟವರಲ್ಲೂ ಏಕಕಾಲಕ್ಕೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ, ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆ 30 ದಿನಗಳಲ್ಲಿ 21 ದಿನ ಸಾಲ ಕೊಟ್ಟವರ ಪಾಲಿನವು, ಉಳಿದವು ವರದಿ ಸಂಸ್ಥೆಯವು. ಒಂದು ಸಂಸ್ಥೆಯಲ್ಲಿ ಸರಿಹೋದರೆ ಉಳಿದ ಮೂರರಲ್ಲೂ ಸರಿಹೋಯಿತೆಂದು ತಿಳಿಯಬೇಡಿ, ನಾಲ್ಕನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಸೇಡಂ ರಸ್ತೆಯ ಮೋಟಾರ್ ಅಂಗಡಿ, ಕಲಬುರಗಿ

ಇಬ್ಬರಿಗೂ ಅನಂತ ಧನ್ಯವಾದಗಳು. ಸೇವಾ ಕೇಂದ್ರದ ಅಕ್ಕಾವರು ಹೇಳಿದಂತೆ ವರದಿ ತೆಗೆದೆ. ಬೇರೆಯವರ ಸಾಲ ಯಾವುದೂ ಇಲ್ಲ. ಬೈಕ್ ಸಾಲದ ಕೆಳಗೆ ನವೆಂಬರಿನಲ್ಲಿ 25, ಡಿಸೆಂಬರಿನಲ್ಲಿ 26, ಜನವರಿಯಲ್ಲಿ 26 ಎಂದಿದೆ. ಫೈನಾನ್ಸ್ ಕಂಪನಿಯಿಂದ ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ತರಿಸಿದೆ. ನವೆಂಬರ್ 14ರಂದು ನಾನು ಕೊಟ್ಟ 2,850 ರೂಪಾಯಿಯಲ್ಲಿ 1,180 ರೂಪಾಯಿಯನ್ನು ಬೌನ್ಸ್ ಶುಲ್ಕಕ್ಕೆ ಹಿಡಿದು, 1,670 ಮಾತ್ರ ಕಂತಿಗೆ ಜಮಾ ಮಾಡಿದ್ದಾರೆ. ರಸೀದಿಯಲ್ಲಿ ಈ ವಿಂಗಡಣೆ ಇಲ್ಲವೇ ಇಲ್ಲ, ನವೆಂಬರ್ ಕಂತು ಎಂದಷ್ಟೇ ಬರೆದಿದೆ. ಡಿಸೆಂಬರ್ ಮತ್ತು ಜನವರಿಯ ಕಂತುಗಳು ಪೂರ್ತಿ ಹೋಗಿರುವಾಗ ಆ ತಿಂಗಳುಗಳಲ್ಲೂ ಬಾಕಿ ಏಕೆ ಕಾಣುತ್ತಿದೆ ಎಂಬುದು ಈಗಲೂ ತಿಳಿಯುತ್ತಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬೀದರ್

ನೀವು ಕೇಳಿದ ಮೂರು ತಿಂಗಳ ಪ್ರಶ್ನೆಗೆ ಉತ್ತರ ಆ 1,180 ರೂಪಾಯಿಯಲ್ಲಿದೆ. ನವೆಂಬರ್ ಕಂತಿನಲ್ಲಿ ಅಷ್ಟು ಹಣ ಬಾಕಿ ಉಳಿಯಿತು. ತಿಂಗಳ ಕೊನೆಗೆ, ಅಂದರೆ 5ರಿಂದ 30ರವರೆಗೆ, ಆ ಬಾಕಿಗೆ 25 ದಿನ. ಡಿಸೆಂಬರ್ 5ರಂದು ಬಂದ 2,850 ರೂಪಾಯಿಯಿಂದ ಮೊದಲು ಹಳೆಯ 1,180 ತೀರಿತು, ಉಳಿದ 1,670 ಡಿಸೆಂಬರಿಗೆ ಹೋಯಿತು, ಮತ್ತೆ ಅದೇ 1,180 ಡಿಸೆಂಬರಿನ ಲೆಕ್ಕದಲ್ಲಿ ಬಾಕಿ ನಿಂತಿತು. 31ಕ್ಕೆ 26 ದಿನ. ಜನವರಿಯಲ್ಲೂ ಇದೇ ಪುನರಾವರ್ತನೆ. ಬಂದ ಹಣವನ್ನು ಹಳೆಯ ಬಾಕಿಗೆ ಮೊದಲು ಹಿಡಿಯುವುದು ಸಾಲದ ಲೆಕ್ಕದ ಸಾಮಾನ್ಯ ಪದ್ಧತಿ. ನೀವು ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಾ ಹೋದರೂ ಈ ಸಣ್ಣ ಮೊತ್ತ ಎಳೆಗರುವಿನಂತೆ ಪ್ರತಿ ಕಂತಿನ ಹಿಂದೆಯೇ ಬರುತ್ತಿರುತ್ತದೆ, ಸಾಲ ಮುಗಿಯುವವರೆಗೂ ವರದಿಯ ಒಂದು ಚೌಕವೂ 000 ಆಗುವುದಿಲ್ಲ. ಸಾವಿರ ಚಿಲ್ಲರೆ ರೂಪಾಯಿಯ ಬಾಕಿಯಿಂದಾಗಿ ದುಡಿಯುವ ಒಬ್ಬ ಮನುಷ್ಯನಿಗೆ ಮುದ್ರಾ ಸಾಲ ತಪ್ಪುವುದು ಎಷ್ಟು ದೊಡ್ಡ ಅನ್ಯಾಯ ಎಂಬುದನ್ನು ರಸೀದಿ ಬರೆಯುವವರು ಯೋಚಿಸಬೇಕು.

ಆದ್ದರಿಂದ ಕ್ರಮ ಹೀಗಿರಲಿ. ವರದಿಯ ಮೇಲೆ ದೂರು ಕೊಡುವ ಮೊದಲು ಸಾಲದ ಖಾತೆಯ ಲೆಕ್ಕ ಸರಿಯಾಗಬೇಕು, ಇಲ್ಲವಾದರೆ ನಮ್ಮ ಲೆಕ್ಕದಲ್ಲಿ ಬಾಕಿ ಇದ್ದೇ ಇದೆ ಎಂದು ಕಂಪನಿ ಉತ್ತರಿಸಿ ದೂರನ್ನು ಮುಚ್ಚಿಬಿಡುತ್ತದೆ. ಆ 1,180 ರೂಪಾಯಿಯನ್ನು ಈಗಲೇ ಕಟ್ಟಿ, ಈ ಶುಲ್ಕಕ್ಕೆ ನನ್ನ ಆಕ್ಷೇಪವಿದೆ, ಆಕ್ಷೇಪಕ್ಕೆ ಒಳಪಟ್ಟು ಕಟ್ಟುತ್ತಿದ್ದೇನೆ ಎಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಇದರಿಂದ ದಿನಗಳ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಅದೇ ಪತ್ರದಲ್ಲಿ, ನವೆಂಬರ್ ಕಂತು ಎಂದು ಬರೆದ ರಸೀದಿಯ ಪ್ರಕಾರ 14ರಂದೇ ಕಂತು ಪೂರ್ತಿಯಾಗಿ ಜಮಾ ಆಗಬೇಕಿತ್ತೆಂದು ತೋರಿಸಿ, ಮೂರೂ ತಿಂಗಳ ಅಂಕಿಗಳನ್ನು ತಿದ್ದಿ ಕಳುಹಿಸಲು ಕೇಳಿ. ತಡವಾದುದಕ್ಕೆ ದಂಡ ಬಡ್ಡಿ ಎಂದು ಏನಾದರೂ ಸೇರಿಸಿದ್ದಾರೆಯೇ ಎಂದು ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಆದೇಶದ ಪ್ರಕಾರ ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬಹುದು, ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ.

ವಕೀಲರು, ಆಳಂದ

ಹಿರಿಯರು ಹೇಳಿದ ಲೆಕ್ಕ ಸಂಪೂರ್ಣ ಸರಿಯಾಗಿದೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. ಶುಲ್ಕಕ್ಕೆ ಮೂಲ ಕಾರಣ ಬ್ಯಾಂಕಿನ ವಿಳಂಬವಾದ್ದರಿಂದ, ಫೈನಾನ್ಸ್ ಕಂಪನಿಗೆ ಕಟ್ಟುವ 1,180 ರೂಪಾಯಿಯನ್ನೂ ಬ್ಯಾಂಕಿನ ಮೇಲಿನ ದೂರಿನಲ್ಲೇ ನಷ್ಟವೆಂದು ಸೇರಿಸಬೇಕು. ಫೈನಾನ್ಸ್ ಕಂಪನಿಗೆ ಆ ಯುಪಿಐ ವೈಫಲ್ಯದೊಂದಿಗೆ ಸಂಬಂಧವಿಲ್ಲ. ಅವರು ರಸೀದಿಯಲ್ಲಿ ಒಂದು ಬರೆದು ಲೆಕ್ಕದಲ್ಲಿ ಇನ್ನೊಂದು ಮಾಡಿದ್ದಕ್ಕೆ ಮಾತ್ರ ಅವರನ್ನು ಕೇಳಿ. ಎರಡು ದೂರುಗಳನ್ನು ಬೆರೆಸಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಕೈತೊಳೆದುಕೊಳ್ಳುತ್ತಾರೆ.

ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ದೂರುಗಳ ಸಿಎಂಎಸ್ ಪೋರ್ಟಲಿನಲ್ಲಿ ಸಲ್ಲಿಸಬಹುದು. ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರಕ್ಕೆ ಕನ್ನಡದಲ್ಲೇ ಬರೆದು ಅಂಚೆಯಲ್ಲೂ ಕಳುಹಿಸಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾಹಿತಿ ಸಿಗುತ್ತದೆ. ಸಿಬಿಲ್‌ನಂಥ ವರದಿ ಸಂಸ್ಥೆಗಳೂ 2022ರ ಸೆಪ್ಟೆಂಬರ್ 1ರಿಂದ ಇದೇ ವ್ಯವಸ್ಥೆಗೆ ಒಳಪಟ್ಟಿವೆ.

ಇದರಿಂದಲೂ ಪರಿಹಾರ ಸಿಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬ್ಯಾಂಕಿನ ಪ್ರಧಾನ ಕಚೇರಿ ಎಲ್ಲಿದ್ದರೂ ಚಿಂತೆಯಿಲ್ಲ. ಆದರೆ ಆಯೋಗದ ಮುಂದೆ ಪ್ರಕರಣ ನಡೆಯುತ್ತಿರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಮೊದಲು ಓಂಬುಡ್ಸ್‌ಮನ್ ಬಳಿಗೇ ಹೋಗಿ. ಆಯೋಗಕ್ಕೆ ಹೋಗಲು ಘಟನೆ ನಡೆದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ನವೆಂಬರ್ 14ರ ಆ ರಸೀದಿಯ ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ, ಎಲ್ಲ ಕಡೆಗೂ ಜೆರಾಕ್ಸ್ ಪ್ರತಿಯನ್ನೇ ಲಗತ್ತಿಸಿ.