ಡಿಕ್ರಿ ಕೈಯಲ್ಲಿದೆ, ಕಂಪನಿ ದಿವಾಳಿ ಅಂತಿದೆ. ದುಡ್ಡು ಬರುತ್ತಾ?

ಪ್ರಶ್ನೆ (ಮಂಡ್ಯ): ನಮಸ್ಕಾರ ಸರ್. ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಲೇಔಟ್‌ನಲ್ಲಿ 30x40 ಸೈಟ್‌ಗೆ ಅಂತ ಅಪ್ಪ ಒಂದು ಕಂಪನಿಗೆ 9 ಲಕ್ಷ ಕಟ್ಟಿದ್ದರು. ಸೈಟೂ ಇಲ್ಲ, ದುಡ್ಡೂ ಇಲ್ಲ. ಕೋರ್ಟಿಗೆ ಹೋದೆವು, ಬಡ್ಡಿ ಸಮೇತ ವಾಪಸ್ ಕೊಡಿ ಅಂತ ಡಿಕ್ರಿ ಆಯಿತು. ಆಮೇಲೂ ಕೊಡಲಿಲ್ಲ. ಡಿಕ್ರಿ ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಕಂಪನಿಯ ಒಂದು ಜಮೀನು ಜಪ್ತಿ ಮಾಡಿಸಿದೆವು. ಇನ್ನೇನು ಹರಾಜು ಅನ್ನುವಾಗ, ಕಂಪನಿಯ ದಿವಾಳಿ ಅರ್ಜಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿಯಲ್ಲಿ ದಾಖಲಾಗಿ ಆರ್ಡರ್ ಆಗಿದೆ ಅಂತ ಎದುರು ವಕೀಲರು ಮೆಮೊ ಹಾಕಿದರು. ಈಗ ಎಲ್ಲ ನಿಂತಿದೆ. ಜಪ್ತಿ ಆದ ಜಮೀನು ನಮಗೇ ಸೇರಬೇಕಲ್ವಾ? ಇಷ್ಟು ವರ್ಷ ಓಡಾಡಿದ್ದೆಲ್ಲ ದಂಡವಾ?

ಉತ್ತರ (ವಕೀಲರು, ಮೈಸೂರು): ದಂಡ ಆಗಿಲ್ಲ. ಆದರೆ ದುಡ್ಡು ಕೇಳುವ ಜಾಗ ಬದಲಾಗಿದೆ.

ಮೊದಲು ಜಪ್ತಿ ವಿಷಯ. ಜಪ್ತಿ ಆದರೆ ಕಂಪನಿ ಆ ಜಮೀನನ್ನು ಹಿಂಬಾಗಿಲಿನಿಂದ ಮಾರುವ ಹಾಗಿಲ್ಲ, ಅಷ್ಟೇ. ಜಮೀನು ನಿಮ್ಮದಾಗುವುದಿಲ್ಲ. ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಾಲಿನಲ್ಲೂ ನೀವು ನಿಲ್ಲುವುದಿಲ್ಲ. 2016ರ ದಿವಾಳಿ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ ಎನ್‌ಸಿಎಲ್‌ಟಿ ಅರ್ಜಿ ಒಪ್ಪಿದ ದಿನದಿಂದ ಮೊರಟೋರಿಯಂ, ಅಂದರೆ ಕಂಪನಿ ಮೇಲಿನ ಕೇಸು, ವಸೂಲಿಗೆ ತಡೆ, ಶುರು. ಡಿಕ್ರಿಯ ಅಮಲ್ಜಾರಿಯೂ ಅದರಲ್ಲಿ ನಿಲ್ಲುತ್ತದೆ. ನಿಮ್ಮ ಕೋರ್ಟು ಮಾಡಿದ್ದು ಸರಿಯೇ.

ಅಮಲ್ಜಾರಿ ಅರ್ಜಿ ಮಾತ್ರ ವಾಪಸ್ ತಗೋಬೇಡಿ, ಹಾಗೇ ಇರಲಿ. ಡಿಕ್ರಿ ಜಾರಿಗೆ 12 ವರ್ಷದ ಕಾಲಮಿತಿ ಇದೆ. ಮೊರಟೋರಿಯಂ ಇದ್ದಷ್ಟು ದಿನ ಆ ಲೆಕ್ಕಕ್ಕೆ ಸೇರುವುದಿಲ್ಲ ಅಂತ ಸೆಕ್ಷನ್ 60(6) ಹೇಳುತ್ತದೆ.

ಈಗ ನಿಮ್ಮ ಕೆಲಸ ಒಂದೇ: ಕ್ಲೇಮ್ ಹಾಕುವುದು. ಎನ್‌ಸಿಎಲ್‌ಟಿ ದಿವಾಳಿ ಪ್ರಕ್ರಿಯೆ ನಡೆಸಲು ನೇಮಿಸಿದ ರೆಸಲ್ಯೂಷನ್ ಪ್ರೊಫೆಷನಲ್ ಒಬ್ಬರು ಇರುತ್ತಾರೆ. ಅವರ ಪ್ರಕಟಣೆ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಬಂದಿರುತ್ತದೆ. ದಿವಾಳಿ ಮಂಡಳಿ ಐಬಿಬಿಐ ವೆಬ್‌ಸೈಟ್‌ನಲ್ಲೂ ಕಂಪನಿ ಹೆಸರು ಹಾಕಿ ಹುಡುಕಬಹುದು. ಕೊನೆ ದಿನಾಂಕ ಅದರಲ್ಲೇ ಇದೆ. ಅದು ತಪ್ಪಿದ್ದರೂ ಪ್ರಕ್ರಿಯೆ ಶುರುವಾದ ದಿನದಿಂದ ಕನಿಷ್ಠ 90 ದಿನದವರೆಗೆ ಹಾಕಬಹುದು. ಅದೂ ಮೀರಿದರೆ ತಡವಾದ ಕಾರಣ ಬರೆದು ಕೊಡಬೇಕು, ಎನ್‌ಸಿಎಲ್‌ಟಿ ಒಪ್ಪಬೇಕು. ಅಲ್ಲಿಯವರೆಗೂ ಕಾಯುವುದು ಬೇಡ.

ಜನ ಎಡವುವುದು ಫಾರಂ ಆರಿಸುವಾಗ. ಕೈಯಲ್ಲಿ ಡಿಕ್ರಿ ಇದೆ, ನಾವು ಬರೀ ದುಡ್ಡು ಬರಬೇಕಾದವರು ಅಂದುಕೊಂಡು 'ಇತರೆ'ಯವರ ಫಾರಂ ಎಫ್ ತುಂಬಿಬಿಡುತ್ತಾರೆ. ನೀವು ಸೈಟ್, ಫ್ಲಾಟ್ ಬುಕ್ ಮಾಡಿದವರ ಫಾರಂ ಸಿಎ ತುಂಬಿ. ಸೈಟ್ ಬುಕ್ ಮಾಡಿದವರು 2018ರ ತಿದ್ದುಪಡಿಯಿಂದ ಹಣಕಾಸು ಸಾಲದಾತರು, ಅಂದರೆ ಕಂಪನಿಗೆ ಸಾಲ ಕೊಟ್ಟವರ ಲೆಕ್ಕ. ಕೈಯಲ್ಲಿ ಆದೇಶ ಬಂತು ಅಂತ ಆ ಸ್ಥಾನ ಹೋಗುವುದಿಲ್ಲ. ವಿಶಾಲ್ ಚೇಲಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದು ಇದನ್ನೇ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಆದೇಶ ಪಡೆದ ಫ್ಲಾಟ್ ಖರೀದಿದಾರರನ್ನು ಉಳಿದ ಖರೀದಿದಾರರಿಂದ ಬೇರೆ ಮಾಡಬಾರದು ಅಂದಿತು. ನಿಮ್ಮದು ಸಿವಿಲ್ ಡಿಕ್ರಿ. ಆದರೂ ಮೂಲದಲ್ಲಿ ಅದು ಸೈಟಿನ ದುಡ್ಡು. ಅದನ್ನೇ ಒತ್ತಿ ಬರೆಯಿರಿ.

ಫಾರಂ ಜೊತೆ ಡಿಕ್ರಿಯ ಸರ್ಟಿಫೈಡ್ ಕಾಪಿ, ಅಗ್ರಿಮೆಂಟ್, ರಸೀದಿ, ದುಡ್ಡು ಹೋದ ಸಾಲಿಗೆ ಗೆರೆ ಎಳೆದ ಪಾಸ್‌ಬುಕ್ ಪುಟ ಇಡಿ. ಬಡ್ಡಿಯನ್ನು ಡಿಕ್ರಿಯ ದರದಲ್ಲಿ, ಪ್ರಕ್ರಿಯೆ ಶುರುವಾದ ದಿನದವರೆಗೆ ಮಾತ್ರ ಲೆಕ್ಕ ಹಾಕಿ. ಫಾರಂನಲ್ಲಿ ನಿಮ್ಮ ವರ್ಗದ ಪ್ರತಿನಿಧಿ ಯಾರು ಅಂತ ಮೂರು ಹೆಸರಲ್ಲಿ ಒಂದನ್ನು ಆರಿಸುವ ಕಾಲಂ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ. ಸಾಲದಾತರ ಸಮಿತಿಯಲ್ಲಿ ನಿಮ್ಮೆಲ್ಲರ ಪರ ವೋಟು ಹಾಕುವುದು ಅವರೇ. ಕ್ಲೇಮ್‌ಗೆ ಫೀಸ್ ಇಲ್ಲ. ಯಾರಾದರೂ ಕೇಳಿದರೆ ಸುಮ್ನೆ ಕೊಡಬೇಡಿ.

ಪ್ರಶ್ನೆ (ಮೈಸೂರು): ಸರ್, ನಮ್ಮದು ರೇರಾ ಆದೇಶ. ವಸೂಲಿಗೆ ತಹಶೀಲ್ದಾರರ ಹತ್ತಿರ ಹೋಗಿದೆ. ಅವರೂ ಏನೂ ಮಾಡಲಾಗದಾ?

ಉತ್ತರ: ಇದೇ ಕಂಪನಿ ಆದರೆ ಅದೂ ನಿಲ್ಲುತ್ತದೆ ಮೇಡಂ. ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿದರೂ ಕೊನೆಗೆ ಕೈಹಾಕುವುದು ಕಂಪನಿ ಆಸ್ತಿಗೇ. ನಿಮಗೂ ಫಾರಂ ಸಿಎ.

ಪ್ರಶ್ನೆ (ಮಂಡ್ಯ): ಡೈರೆಕ್ಟರ್ ಮನೆ, ಕಾರು ಎಲ್ಲ ಚೆನ್ನಾಗಿದೆ ಸರ್. ಅವರ ಮೇಲೆ ಹೋಗಬಹುದಾ?

ಉತ್ತರ: ಎಲ್ಲರಿಗೂ ಹೊಟ್ಟೆ ಉರಿಯುವುದು ಇಲ್ಲೇ. ಮೊರಟೋರಿಯಂ ಕಂಪನಿಗೆ ಮಾತ್ರ, ಡೈರೆಕ್ಟರ್‌ಗಳಿಗೆ ಅಲ್ಲ. ಅಂಜಲಿ ರಾಠಿ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ನಿಮ್ಮ ಡಿಕ್ರಿಯಲ್ಲಿ ಪ್ರತಿವಾದಿ ಕಂಪನಿ ಒಂದೇನಾ, ಡೈರೆಕ್ಟರ್ ಕೂಡ ಇದ್ದಾರಾ ನೋಡಿ. ಕಂಪನಿ ಮಾತ್ರ ಇದ್ದರೆ ಆ ಡಿಕ್ರಿ ಹಿಡಿದುಕೊಂಡು ಅವರ ಮನೆ ಜಪ್ತಿ ಮಾಡಲಾಗದು. ಅವರು ಸಹಿ ಮಾಡಿದ ಕಂಪನಿ ಚೆಕ್ ಬೌನ್ಸ್ ಆಗಿ, ಗಡುವಿನೊಳಗೆ ನೋಟಿಸ್ ಕೊಟ್ಟು ಕೇಸ್ ಹಾಕಿದ್ದರೆ, ಅವರ ಮೇಲಿನ ಆ ಕೇಸ್ ನಡೆಯುತ್ತದೆ.

ಇನ್ನೊಂದು ದಾರಿ ಇದೆ. ಕಾವೇರಿ ಪೋರ್ಟಲ್‌ನಲ್ಲಿ ಕಂಪನಿ ಜಮೀನುಗಳ ಇಸಿ (ಋಣಭಾರ ಪತ್ರ) ತೆಗೆಸಿ. ದಿವಾಳಿ ಪ್ರಕ್ರಿಯೆ ಶುರುವಾಗುವ ಹಿಂದಿನ 2 ವರ್ಷದಲ್ಲಿ ಡೈರೆಕ್ಟರ್ ಹೆಂಡತಿ, ಭಾವಮೈದ ಅಂತವರ ಹೆಸರಿಗೆ ರಿಜಿಸ್ಟರ್ ಆಗಿದೆಯಾ ನೋಡಿ. ಇದ್ದರೆ ಸರ್ವೆ ನಂಬರ್ ಸಮೇತ ರೆಸಲ್ಯೂಷನ್ ಪ್ರೊಫೆಷನಲ್‌ಗೆ ಇಮೇಲ್ ಮಾಡಿ. ಅಂಥ ವ್ಯವಹಾರ ರದ್ದು ಮಾಡಿ ಅಂತ ಎನ್‌ಸಿಎಲ್‌ಟಿಯಲ್ಲಿ ಅವರು ಅರ್ಜಿ ಹಾಕಬಹುದು. ಊರಿನ ಸಂಬಂಧ ಅವರಿಗೇನು ಗೊತ್ತು, ಹೇಳಬೇಕಾದವರು ನೀವೇ.

ಪ್ರಶ್ನೆ (ಮಂಡ್ಯ): ಕೊನೆಗೆ ಎಷ್ಟು ಬರಬಹುದು ಸರ್?

ಉತ್ತರ: ಪೂರ್ತಿ ಬರುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾರಾದರೂ ಕಂಪನಿ ಎತ್ತಿಕೊಳ್ಳಲು ಬಂದರೆ ಅವರ ಪ್ಲಾನ್‌ನಲ್ಲಿ ದುಡ್ಡಿನ ಬದಲು ಸೈಟ್ ಕೊಡುತ್ತೇವೆ ಅನ್ನಬಹುದು, ಕಡಿಮೆ ದುಡ್ಡನ್ನು ಕಂತಲ್ಲಿ ಕೊಡುತ್ತೇವೆ ಅನ್ನಬಹುದು. ಯಾರೂ ಬರದೆ ಆಸ್ತಿ ಮಾರಿದರೆ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಅಡಮಾನದ ಬ್ಯಾಂಕು ಮತ್ತು ಕಾರ್ಮಿಕರು, ನಂತರ ನೌಕರರ ಸಂಬಳ, ಅದಾದ ಮೇಲೆ ನೀವು. ಆ ಜಮೀನುಗಳ ಮೇಲೆ ಬ್ಯಾಂಕ್ ಸಾಲ ಎಷ್ಟಿದೆ ಅನ್ನುವುದರ ಮೇಲೆ ನಿಮ್ಮ ಪಾಲು ನಿಂತಿದೆ. ಕ್ಲೇಮ್ ಹಾಕದೆ ಕೂತರೆ ಪ್ಲಾನ್ ಒಪ್ಪಿಗೆ ಆದ ದಿನ ನಿಮ್ಮ ಡಿಕ್ರಿ ಹಣವೂ ಹೋಗುತ್ತದೆ. ಪ್ಲಾನ್‌ನಲ್ಲಿ ಸೇರದ ಬಾಕಿ ಅಲ್ಲಿಗೆ ಮುಗಿಯಿತು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಪ್ರಕಟಣೆಯ ಫೋಟೋ ಇಲ್ಲಿ ಹಾಕಿ, ದಿನಾಂಕ ನೋಡಿ ಹೇಳುತ್ತೇನೆ.