ಪದಚರ್ಚೆ: ವೆಲ್ಡಿಂಗ್ ‘ಫ್ಯೂಮ್’ ಧೂಳೋ, ಹೊಗೆಯೋ, ಆವಿಯೋ?

ಪ್ರಶ್ನೆ (ಕೊಪ್ಪಳದಿಂದ): ಗಿಣಿಗೇರಿ ಸುತ್ತಿನ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಹಂಚಲು ಆರೋಗ್ಯದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ‘ಲೋಹದ ಸೂಕ್ಷ್ಮ ಧೂಳು ಉಸಿರಿನ ಮೂಲಕ ಮಿದುಳಿಗೆ ಏರುತ್ತದೆ’ ಎಂದು ಬರೆದಿದ್ದೇವೆ. ಮೂಲದಲ್ಲಿ ಫ್ಯೂಮ್, ನ್ಯಾನೊಪಾರ್ಟಿಕಲ್ ಎಂದಿದೆ. ಧೂಳು, ಹೊಗೆ, ಆವಿ, ಅಣು, ಇವುಗಳಲ್ಲಿ ಯಾವುದು ಸರಿಹೋದೀತು?

ಉತ್ತರ (ಬಳ್ಳಾರಿಯಿಂದ): ಸರ್, ಆ ವಾಕ್ಯದಲ್ಲಿ ‘ಸೂಕ್ಷ್ಮ’, ‘ಧೂಳು’, ‘ಏರುತ್ತದೆ’ ಮೂರೂ ಬದಲಾಗಬೇಕು. ಮೊದಲು ಧೂಳನ್ನೇ ನೋಡೋಣ. ಅಲ್ಲಿ ಪದ ತಪ್ಪಿದರೆ ಓದಿದವರು ಮಾಡಿಕೊಳ್ಳುವ ಉಪಾಯವೂ ತಪ್ಪುತ್ತದೆ.

ಗಟ್ಟಿ ವಸ್ತು ಒಡೆದು, ಅರೆದು, ಸವೆದು ಹುಟ್ಟುವುದು ಧೂಳು. ಸಂಡೂರಿನ ಅದಿರು ಲಾರಿ ಹಿಂದೆ ಏಳುವುದು ಅದೇ. ಗ್ರೈಂಡರ್ ಹಿಡಿದಾಗ ಹಾರುವುದೂ ಬಹುಮಟ್ಟಿಗೆ ಅದೇ. ವೆಲ್ಡಿಂಗಿನಲ್ಲಿ ಆಗುವುದು ಬೇರೆ. ಆರ್ಕಿನ, ಅಂದರೆ ರಾಡಿಗೂ ಬೆಸೆಯುವ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಕಿಡಿಯ, ಶಾಖ 5,000 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ರಾಡಿನ ತುದಿಯ ಲೋಹ ಕರಗುವುದಷ್ಟೇ ಅಲ್ಲ, ಕುದಿದು ಆವಿಯಾಗುತ್ತದೆ. ಹೊರಗಾಳಿ ತಾಗಿದ ಕೂಡಲೇ ತಣಿದು, ಆಮ್ಲಜನಕದ ಜೊತೆ ಸೇರಿ ಗಟ್ಟಿ ಆಕ್ಸೈಡ್ ಕಣವಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಬೆಳ್ಳಗೆ ಕಾಣುವುದು ಆವಿಯಲ್ಲ, ಆವಿ ತಣಿದಾದ ಹನಿ ತಾನೇ? ಇಲ್ಲಿ ಹನಿಯ ಬದಲು ಲೋಹದ ಕಣ. ಒಂದೊಂದೂ ಹೆಚ್ಚಾಗಿ 10ರಿಂದ 100 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಅವು ಸಾಲುಗಟ್ಟಿ ಅಂಟಿಕೊಂಡು ತೇಲುತ್ತವೆ. ಹಾಗಾಗಿ ‘ಲೋಹದ ಆವಿ’ ಎಂದರೂ ತಪ್ಪೇ, ಮೂಗಿಗೆ ಬರುವ ಹೊತ್ತಿಗೆ ಅದು ಆವಿಯಾಗಿ ಉಳಿದಿರುವುದಿಲ್ಲ. ‘ಧೂಮ’ ಎಂದರೆ ಬೀಡಿ ಸಿಗರೇಟು ನೆನಪಾಗುತ್ತದೆ. ಶೆಡ್ಡಿನಲ್ಲಿ ಎಲ್ಲರೂ ‘ವೆಲ್ಡಿಂಗ್ ಹೊಗೆ’ ಅನ್ನುತ್ತಾರೆ. ಅದನ್ನೇ ಹಿಡಿದು ‘ಲೋಹದ ಹೊಗೆ’ ಎಂದಿಡಿ.

ಈ ಭೇದ ಬರೀ ಪದದ್ದಲ್ಲ. ಧೂಳೆಂದರೆ ನಮ್ಮ ಕಡೆ ನೀರಿನ ಟ್ಯಾಂಕರ್ ನೆನಪಾಗುತ್ತದೆ. ರಸ್ತೆಗೆ ನೀರು ಹೊಡೆದರೆ ಕೆಂಪು ಧೂಳು ಕೂರುತ್ತದೆ ನಿಜ, ಲೋಹದ ಹೊಗೆ ಕೂರುವುದಿಲ್ಲ. ಧೂಳೆಂದರೆ ಮುಖಕ್ಕೆ ಟವಲ್ ಸುತ್ತಿಕೊಳ್ಳುತ್ತಾರೆ. ಬಟ್ಟೆಯ ಎಳೆಗಳ ನಡುವಿನ ಸಂದು ಈ ಕಣಗಳಿಗಿಂತ ಸಾವಿರಾರು ಪಟ್ಟು ದೊಡ್ಡದು. ಹೊಗೆಯನ್ನು ಅದು ಹುಟ್ಟುವ ಜಾಗದಲ್ಲೇ ಎಳೆದುಕೊಳ್ಳಬೇಕು: ಹೀರುವ ಕೊಳವೆಯ ಬಾಯಿ ಆರ್ಕಿನಿಂದ ಒಂದು ಅಡಿಯೊಳಗೆ ಇರಬೇಕು, ದೂರ ಸರಿಸಿದಷ್ಟೂ ಎಳೆತ ಬೇಗ ಬೇಗ ಕುಗ್ಗುತ್ತದೆ. ಬೆಸೆಯುವವರ ತಲೆ ಹೊಗೆ ಏರುವ ದಾರಿಯಲ್ಲಿ ಬಾಗಿರಬಾರದು. ಎನ್‌95 ಮಾಸ್ಕಿನ ಬಗ್ಗೆ ‘ಸಣ್ಣ ಕಣ ಸುಲಭವಾಗಿ ನುಸುಳುತ್ತದೆ’ ಎಂದು ದಯವಿಟ್ಟು ಬರೆಯಬೇಡಿ. ಅದರಲ್ಲಿ ತೂರುವುದು ಹೆಚ್ಚು 50ರಿಂದ 300 ನ್ಯಾನೊಮೀಟರಿನವು. ಅದಕ್ಕೂ ಸಣ್ಣವು ಅತ್ತಿತ್ತ ಅಲೆದಾಡಿ ಎಳೆಗೆ ತಾಗಿ ಸಿಕ್ಕಿಬೀಳುತ್ತವೆ. ನಿಜವಾದ ತೂತು ಮಾಸ್ಕಿನ ಅಂಚಿನಲ್ಲಿರುತ್ತದೆ, ಗಡ್ಡವಿದ್ದರಂತೂ ಇನ್ನೂ ಹೆಚ್ಚು.

‘ಸೂಕ್ಷ್ಮ ಕಣ’ ಎಂದು ಪತ್ರಿಕೆಗಳು ಬರೆಯುವುದು ಪಿಎಂ 2.5ಕ್ಕೆ, ಅಂದರೆ 2,500 ನ್ಯಾನೊಮೀಟರಿನವರೆಗಿನದಕ್ಕೆ. ನಿಮ್ಮದು 100ರ ಒಳಗಿನದು. ‘ನ್ಯಾನೊಕಣ’ ಈಗ ರೂಢಿಗೆ ಬಂದಿದೆ, ಅದೇ ಸಾಕು. ಅಣು ಬೇಡವೇ ಬೇಡ: 20 ನ್ಯಾನೊಮೀಟರಿನ ಒಂದು ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡ್) ಕಣದಲ್ಲೇ ಸುಮಾರು ನಾಲ್ಕು ಲಕ್ಷ ಪರಮಾಣುಗಳಿರುತ್ತವೆ.

‘ಮಿದುಳಿಗೆ ಏರುತ್ತದೆ’ ಎಂದರೆ ಅಮಲು ತಲೆಗೇರಿದ ಅರ್ಥ ಬರುತ್ತದೆ, ಒಂದು ಗಳಿಗೆ ತಲೆ ಸುತ್ತಿ ಇಳಿದುಹೋಗುವಂತೆ. ಇಲ್ಲಿನ ಕೆಲಸ ವರ್ಷಗಟ್ಟಲೆಯದು. ‘ಸೇರುತ್ತದೆ’ ಎನ್ನಿ. ಮೂಗಿನ ಮೇಲ್ಛಾವಣಿಯಲ್ಲಿ ವಾಸನೆ ಹಿಡಿಯುವ ನರದ ಎಳೆಗಳಿವೆ. ಅವು ತೂತುತೂತಾದ ತೆಳು ಎಲುಬನ್ನು ದಾಟಿ ನೇರ ಮಿದುಳಿನ ಬುಡಕ್ಕೆ ಹೋಗುತ್ತವೆ. ಕಣಗಳು ಆ ಎಳೆಗಳಲ್ಲೇ ಸಾಗಿದರೆ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಅವುಗಳಿಗೆ ಎದುರಾಗುವುದೇ ಇಲ್ಲ. ಇಲಿಗಳಲ್ಲಿ ಈ ದಾರಿ ಸ್ಪಷ್ಟವಾಗಿ ಕಂಡಿದೆ. ಆದರೆ ಇಲಿಯ ಮೂಗಿನ ಒಳಪದರದಲ್ಲಿ ಅರ್ಧದಷ್ಟು ವಾಸನೆಗೇ ಮೀಸಲು, ಮನುಷ್ಯರಲ್ಲಿ ಬಹಳ ಕಡಿಮೆ. ಇಲಿಯ ಅಂಕಿಗಳನ್ನು ಮನುಷ್ಯರಿಗೆ ಹಾಗೇ ಹೊಂದಿಸಬೇಡಿ. ಶ್ವಾಸಕೋಶದಿಂದ ರಕ್ತಕ್ಕಿಳಿದು ಬರುವ ಇನ್ನೊಂದು ದಾರಿಯೂ ಇದೆ.

ರೋಗದ ಸಾಲಿನಲ್ಲಿ ಕ್ರಿಯಾಪದ ತೂಗಿ ಇಡಿ. ರಾಡಿನಲ್ಲಿರುವ ಮ್ಯಾಂಗನೀಸ್ ಲೋಹದ ವಿಷಯದಲ್ಲಿ ‘ಮಿದುಳನ್ನು ಕೆಡಿಸುತ್ತದೆ’ ಎಂದೇ ಬರೆಯಬಹುದು. ಮ್ಯಾಂಗನೀಸ್ ಅದಿರು ಅರೆಯುವವರಲ್ಲಿ ಅದು ತರುವ ರೋಗವನ್ನು ಸ್ಕಾಟ್ಲೆಂಡಿನ ವೈದ್ಯ ಜಾನ್ ಕೂಪರ್ 1837ರಲ್ಲೇ ದಾಖಲಿಸಿದ್ದಾರೆ: ನಡಿಗೆ ಬಿಗಿಯುವುದು, ಮುಖ ಭಾವವಿಲ್ಲದಾಗುವುದು, ದನಿ ಕುಗ್ಗುವುದು. ಪಾರ್ಕಿನ್ಸನ್‌ನಂತೆ ಕಂಡರೂ ಅದರ ಮಾಮೂಲಿ ಮದ್ದು ಲೆವೊಡೋಪಾ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ವೆಲ್ಡಿಂಗಿನಲ್ಲಿ ಇದು ಮುಖ್ಯವಾಗಲು ಕಾರಣವಿದೆ: ಮ್ಯಾಂಗನೀಸ್ ಸುಮಾರು 2,060 ಡಿಗ್ರಿಗೆ ಕುದಿಯುತ್ತದೆ, ಕಬ್ಬಿಣ 2,860ಕ್ಕೆ. ಹಾಗಾಗಿ ರಾಡಿನಲ್ಲಿರುವುದಕ್ಕಿಂತ ಹೊಗೆಯಲ್ಲಿ ಮ್ಯಾಂಗನೀಸಿನ ಪಾಲು ಹೆಚ್ಚು.

ಆಲ್ಜೈಮರ್ ಎಂಬ ಮರೆವಿನ ರೋಗದ ವಿಷಯದಲ್ಲಿ ಮಾತ್ರ ‘ತರುತ್ತದೆ’ ಎನ್ನಬೇಡಿ, ‘ನಂಟಿರಬಹುದು’ ಎನ್ನಿ. 2016ರಲ್ಲಿ ಬ್ರಿಟನ್ನಿನ ವಿಜ್ಞಾನಿ ಬಾರ್ಬರಾ ಮಾಹೆರ್ ತಂಡ ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನ 37 ಜನರ ಮಿದುಳಿನ ಮಾದರಿಗಳನ್ನು ಪರೀಕ್ಷಿಸಿ ಮ್ಯಾಗ್ನೆಟೈಟ್ ನ್ಯಾನೊಕಣಗಳನ್ನು ಕಂಡಿತು. ದೇಹದೊಳಗೇ ಬೆಳೆದವು ಮೂಲೆಯುಳ್ಳ ಹರಳು, ಇವುಗಳಲ್ಲಿ ಹೆಚ್ಚಿನವು ದುಂಡಗೆ, ಅಂದರೆ ಬಿಸಿಯಲ್ಲಿ ಕರಗಿ ತಣಿದವು. ಕಣ ಅಲ್ಲಿದೆ ಎಂಬುದು ಖಚಿತ, ಅದೇ ರೋಗ ತಂದಿತು ಎಂಬುದು ಖಚಿತವಲ್ಲ.

ನಿಮ್ಮ ವಾಕ್ಯ ಹೀಗಾಗಬಹುದು: ‘ವೆಲ್ಡಿಂಗ್ ಹೊಗೆಯಲ್ಲಿ ಲೋಹದ ನ್ಯಾನೊಕಣಗಳಿರುತ್ತವೆ. ಉಸಿರಿನೊಡನೆ ಒಳಹೋದ ಇವುಗಳಲ್ಲಿ ಕೆಲವು ಮಿದುಳನ್ನೂ ಸೇರಬಲ್ಲವು.’ ಮಿದುಳು, ಮೆದುಳು ಎರಡೂ ಬಳಕೆಯಲ್ಲಿವೆ. ಕರಪತ್ರದುದ್ದಕ್ಕೂ ಒಂದನ್ನೇ ಇಟ್ಟುಕೊಳ್ಳಿ.